ಮೈಸೂರಿನ ಜಾವಾ ಮೋಟಾರ್ ಸೈಕಲ್ಲಿನ ವಿದ್ಯುತ್ ಹಾಗೂ ಚಾಲನಾರಂಭ ವ್ಯವಸ್ಥೆ

ಮೈಸೂರು ನಗರದ ಕೈಗಾರಿಕಾ ಚರಿತ್ರೆಯಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ವಿಶಿಷ್ಟವಾದ ಸ್ಥಾನವಿದೆ. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅವರು ಕಟ್ಟಿದ ಈ ಕಾರ್ಖಾನೆಯನ್ನು 1961ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಉದ್ಘಾಟಿಸಿದರು. ಮೊದಲ ಹನ್ನೆರಡು ಹದಿಮೂರು ವರ್ಷ ಇಲ್ಲಿ ತಯಾರಾದ ವಾಹನಗಳು ಜಾವಾ ಎಂಬ ಹೆಸರಿನಲ್ಲಿಯೇ ಹೊರಬಂದವು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಪರವಾನಗಿಯ ಅವಧಿ ಮುಗಿದ ಬಳಿಕ ಯೆಜ್ಡಿ ಎಂಬ ಹೆಸರು ಬಳಕೆಗೆ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಬೇರೊಂದು ಸಂಸ್ಥೆಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದಿತಾದರೂ, ಆ ವಾಹನಗಳು ಗುಂಡಿ ಒತ್ತಿದರೆ ಚಾಲನೆಗೊಳ್ಳುವ, ದ್ರವದಿಂದ ತಂಪುಗೊಳ್ಳುವ ಫೋರ್-ಸ್ಟ್ರೋಕ್ ಎಂಜಿನ್ನಿನವು. ಅವುಗಳಿಗೂ ಮೈಸೂರಿನ ಹಳೆಯ ಯಂತ್ರಕ್ಕೂ ಹೆಸರು ಮತ್ತು ಹೊರ ಆಕಾರದ ನಂಟಲ್ಲದೆ ಒಳಗಿನ ನಂಟಿಲ್ಲ.

ಈ ಕಾರ್ಖಾನೆಯ ಸ್ಥಾಪನೆ, ಏಳಿಗೆ, ಅವಸಾನಗಳ ಕುರಿತ ಬರವಣಿಗೆ ಸಾಕಷ್ಟು ಸಿಗುತ್ತದೆ. ಆದರೆ ಅಲ್ಲಿ ತಯಾರಾದ ವಾಹನ ಹೇಗೆ ಕೆಲಸ ಮಾಡುತ್ತಿತ್ತು ಎಂಬ ತಿಳಿವಳಿಕೆ ಪುಸ್ತಕಗಳಿಗಿಂತ ಹೆಚ್ಚಾಗಿ ಗ್ಯಾರೇಜುಗಳ ಬಾಯಿಮಾತಿನಲ್ಲಿಯೇ ಉಳಿದಿದೆ. ಅದರಲ್ಲಿಯೂ ವಿದ್ಯುತ್ ವ್ಯವಸ್ಥೆಯು ಬೇಗ ಮರೆಯಾಗುತ್ತಿರುವ ಭಾಗ. ಎಂಜಿನ್, ಚೌಕಟ್ಟು, ಪೆಟ್ರೋಲ್ ಟ್ಯಾಂಕುಗಳನ್ನು ಮೂಲರೂಪದಲ್ಲಿ ಉಳಿಸಿಕೊಳ್ಳಲು ಶ್ರಮಿಸುವವರೂ ಡೈನಮೊವನ್ನು ಮಾತ್ರ ತೆಗೆದು ಬದಿಗಿಡುತ್ತಾರೆ. ಹಾಗೆ ಬದಿಗಿಡುವುದರಿಂದ ಕಳೆದುಹೋಗುವುದು ಏನು ಎಂಬುದನ್ನು ತಿಳಿಯಲು ಆ ವ್ಯವಸ್ಥೆಯ ಕಾರ್ಯವಿಧಾನವನ್ನೇ ಮೊದಲು ಅರಿಯಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ 250 ಘನ ಸೆಂಟಿಮೀಟರ್ ವರ್ಗದ ಜಾವಾ 353 ಮಾದರಿಯನ್ನು ಆಧಾರವಾಗಿಟ್ಟುಕೊಂಡು ಅದನ್ನು ವಿವರಿಸಲಾಗಿದೆ.

ಯಂತ್ರದ ಹಿನ್ನೆಲೆ

ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಪ್ರಾಗ್ ನಗರದಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿನ್ಯಾಸವನ್ನು ಪಡೆದು ತಯಾರಿಕೆ ಆರಂಭಿಸಿದನು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಎಂಬ ಹೆಸರಾಯಿತು. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಆಕ್ರಮಣದಡಿ ಗುಟ್ಟಾಗಿ ರೂಪಿಸಲ್ಪಟ್ಟು 1946ರಲ್ಲಿ ಹೊರಬಂದ ಪೆರಾಕ್ ಎಂಬ ಮಾದರಿಯು ಈ ಸಂಸ್ಥೆಗೆ ಜಗತ್ತಿನ ಮನ್ನಣೆ ತಂದಿತು. ಗೇರ್ ಸನ್ನೆಯನ್ನು ಕಾಲಿನಿಂದ ಅದುಮಿದೊಡನೆ ಕ್ಲಚ್ ತಾನಾಗಿ ಬಿಡುಗಡೆಯಾಗುವ ಏರ್ಪಾಡು ಅದರಲ್ಲಿತ್ತು. 1954ರಲ್ಲಿ ಬಂದ 353 ಮಾದರಿಯು ಪೆರಾಕ್‌ನ ಎಂಜಿನ್ ಕಲ್ಪನೆಯನ್ನು ಉಳಿಸಿಕೊಂಡು, ಹಿಂಬದಿಯ ಚಕ್ರಕ್ಕೆ ತೂಗುವ ತೋಳಿನ ಆಧಾರವನ್ನು ಪಡೆಯಿತು. ಮೈಸೂರಿನಲ್ಲಿ ತಯಾರಾದದ್ದು ಇದರದೇ ರೂಪ.

ಎಂಜಿನ್ನಿಗೆ ಒಂದೇ ಸಿಲಿಂಡರು, ಅದರ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಚಲನೆಯ ಉದ್ದ 75 ಮಿ.ಮೀ. ಹೊಗೆ ಹೊರಹೋಗಲು ಮಾತ್ರ ಎರಡು ಕೊಳವೆಗಳು. ಎರಡು ಸೈಲೆನ್ಸರುಗಳನ್ನು ಕಂಡು ಎರಡು ಸಿಲಿಂಡರುಗಳಿವೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಇದು ಟೂ-ಸ್ಟ್ರೋಕ್ ಎಂಜಿನ್ ಆದುದರಿಂದ ಕ್ರ್ಯಾಂಕ್ ದಂಡದ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಸೆಕೆಂಡಿಗೆ 50 ಕಿಡಿಗಳು, 4800 ಸುತ್ತುಗಳಲ್ಲಿ 80 ಕಿಡಿಗಳು. ಇದೇ ವೇಗದ ಒಂಟಿ ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಇದರ ಅರ್ಧದಷ್ಟು ಸಾಕು.

ಬ್ಯಾಟರಿಯೋ ಮ್ಯಾಗ್ನೆಟೊವೋ

ಆ ಕಾಲದ ಮೋಟಾರ್ ಸೈಕಲ್ ತಯಾರಕರ ಮುಂದೆ ಕಿಡಿ ಹುಟ್ಟಿಸಲು ಎರಡು ದಾರಿಗಳಿದ್ದವು. ಒಂದು ಮ್ಯಾಗ್ನೆಟೊ. ಇದರಲ್ಲಿ ಶಾಶ್ವತ ಕಾಂತವು ತಿರುಗಿ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಬ್ಯಾಟರಿಯ ಅಗತ್ಯವಿಲ್ಲ. ಆದರೆ ಕಾಂತ ತಿರುಗುವ ವೇಗಕ್ಕೆ ತಕ್ಕಂತೆ ಕಿಡಿಯ ಬಲ ಇರುವುದರಿಂದ, ಕಾಲಿನಿಂದ ಒದೆಯುವಾಗ ದೊರೆಯುವ ಅಲ್ಪ ವೇಗದಲ್ಲಿ ಕಿಡಿ ದುರ್ಬಲವಾಗಿರುತ್ತದೆ. ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಕಡಿಮೆ ಕೊಡುವುದು ಅದರ ಸ್ವಭಾವ. ಇನ್ನೊಂದು ದಾರಿ ಬ್ಯಾಟರಿ ಮತ್ತು ಕಾಯಿಲ್. ಇಲ್ಲಿ ಕಿಡಿಗೆ ಬೇಕಾದ ಶಕ್ತಿ ಬ್ಯಾಟರಿಯಿಂದ ಬರುವ ಕಾರಣ ಎಂಜಿನ್ ಎಷ್ಟು ನಿಧಾನವಾಗಿ ತಿರುಗಿದರೂ ಕಿಡಿ ಪೂರ್ಣಬಲದ್ದಾಗಿರುತ್ತದೆ. ಇದರ ಬೆಲೆಯೆಂದರೆ ಬ್ಯಾಟರಿಯ ಮೇಲಿನ ಅವಲಂಬನೆ.

ಜಾವಾ ವಿನ್ಯಾಸಕರು ಎರಡನೆಯದನ್ನು ಆರಿಸಿಕೊಂಡರು. ಹೀಗಾಗಿ ಕಿಡಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಡೈನಮೊ ಬೇಕು, ಡೈನಮೊಗೆ ಎಂಜಿನ್ನಿನ ತಿರುಗುವಿಕೆ ಬೇಕು, ಎಂಜಿನ್ ತಿರುಗಲು ಕಿಡಿ ಬೇಕು ಎಂಬ ಒಂದು ವೃತ್ತ ಏರ್ಪಟ್ಟಿತು. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಈ ವೃತ್ತದೊಳಗೆ ಹೊರಗಿನಿಂದ ಪ್ರವೇಶಿಸಲು ಸವಾರನಿಗೆ ಇರುವ ದಾರಿ ಕಾಲಿನ ಒದೆತ. ಬ್ಯಾಟರಿ ಸತ್ತಾಗ ಮಾತ್ರ ತೆರೆದುಕೊಳ್ಳುವ ಇನ್ನೊಂದು ಕಿರುದಾರಿಯೂ ಇದೆ. ಅದು ಡೈನಮೊದ ಕಬ್ಬಿಣದಲ್ಲಿ ಉಳಿದಿರುವ ಕಾಂತತ್ವ. ಈ ವಾಹನದ ಎಲ್ಲ ವಿದ್ಯುತ್ ದೋಷಗಳನ್ನೂ ಈ ವೃತ್ತದ ಯಾವುದೋ ಒಂದು ಕೊಂಡಿ ಕಳಚಿದ್ದೆಂದು ಅರ್ಥೈಸಬಹುದು. ಹಳೆಯ ಮೆಕ್ಯಾನಿಕ್ಕರ ಜಾಣ್ಮೆ ಇರುವುದು ಕಳಚಿದ ಕೊಂಡಿ ಯಾವುದೆಂದು ಉಪಕರಣಗಳ ನೆರವಿಲ್ಲದೆ ಗುರುತಿಸುವುದರಲ್ಲಿ.

ಕಿಡಿಯ ಹುಟ್ಟು

ಕಾಯಿಲ್ ಎಂಬುದು ಒಂದೇ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ಸುರುಳಿಗಳ ಜೋಡಿ. ದಪ್ಪ ತಂತಿಯ, ಕೆಲವೇ ನೂರು ಸುತ್ತುಗಳ ಪ್ರಾಥಮಿಕ ಸುರುಳಿಯ ಮೂಲಕ ಬ್ಯಾಟರಿಯ ವಿದ್ಯುತ್ತು ಹರಿಯುತ್ತದೆ. ಕೂದಲೆಳೆಯಂತಹ ತಂತಿಯ, ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿ ಸ್ಪಾರ್ಕ್ ಪ್ಲಗ್ಗಿಗೆ ಜೋಡಣೆಯಾಗಿರುತ್ತದೆ. ಪ್ರಾಥಮಿಕ ಸುರುಳಿಯ ದಾರಿಯಲ್ಲಿ ಒಂದು ಸ್ವಿಚ್ಚಿನಂತೆ ಕೆಲಸ ಮಾಡುವುದೇ ಗ್ಯಾರೇಜಿನ ಭಾಷೆಯಲ್ಲಿ ಪಾಯಿಂಟ್ ಎನಿಸಿಕೊಳ್ಳುವ ಸಂಪರ್ಕ ಛೇದಕ. ಡೈನಮೊದ ತಿರುಗುವ ಭಾಗದ ತುದಿಯಲ್ಲಿರುವ ಉಬ್ಬು ಪ್ರತಿ ಸುತ್ತಿಗೊಮ್ಮೆ ಬಂದು ತಾಗಿದಾಗ ಪಾಯಿಂಟ್ ಬಾಯಿ ತೆರೆಯುತ್ತದೆ. ಆ ತೆರೆಯುವಿಕೆಯ ಅಂತರ 0.4 ಮಿ.ಮೀ.

ಪಾಯಿಂಟ್ ಮುಚ್ಚಿರುವಾಗ ಪ್ರಾಥಮಿಕ ಸುರುಳಿಯಲ್ಲಿ ಸುಮಾರು ಮೂರು ಆಂಪಿಯರ್ ವಿದ್ಯುತ್ತು ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದೊಡನೆ ಪ್ರವಾಹ ನಿಂತು ಕಾಂತಕ್ಷೇತ್ರ ಕುಸಿಯುತ್ತದೆ. ಈ ಕುಸಿತದ ವೇಗವೇ ಪ್ರಾಥಮಿಕ ಸುರುಳಿಯಲ್ಲಿ ಇನ್ನೂರು ಮುನ್ನೂರು ವೋಲ್ಟುಗಳನ್ನೂ, ದ್ವಿತೀಯಕ ಸುರುಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟುಗಳನ್ನೂ ಪ್ರೇರಿಸುತ್ತದೆ. ಕಿಡಿ ಹುಟ್ಟುವುದು ಪಾಯಿಂಟ್ ಕೂಡಿದಾಗ ಅಲ್ಲ, ಅಗಲಿದಾಗ. ಹೊಸದಾಗಿ ಕೆಲಸ ಕಲಿಯುವವರು ಮೊದಲು ಎಡವುವುದು ಇಲ್ಲಿಯೇ.

ಕಂಡೆನ್ಸರಿನ ಪಾತ್ರ ಇದಕ್ಕಿಂತ ಸೂಕ್ಷ್ಮವಾದುದು. ಅದಿಲ್ಲದಿದ್ದರೆ ಪಾಯಿಂಟ್ ತೆರೆಯುತ್ತಿರುವ ಕ್ಷಣದಲ್ಲಿ ಅದರ ಬಾಯಿಯಲ್ಲಿಯೇ ಕಿಡಿ ಹಾರಿ, ಪ್ರವಾಹವು ನಿಲ್ಲದೆ ಎಳೆದಾಡುತ್ತ ಹೋಗುತ್ತದೆ. ಆಗ ಕಾಂತಕ್ಷೇತ್ರದ ಕುಸಿತ ನಿಧಾನವಾಗಿ ಪ್ಲಗ್ಗಿನಲ್ಲಿ ಕಿಡಿಯೇ ಬರದು. ಪಾಯಿಂಟಿಗೆ ಸಮಾಂತರವಾಗಿ ಜೋಡಿಸಿದ, ಮೈಕ್ರೊಫ್ಯಾರಡಿನ ನಾಲ್ಕನೆಯ ಒಂದು ಭಾಗದಷ್ಟು ಧಾರಣಶಕ್ತಿಯ ಕಂಡೆನ್ಸರು ಆ ಕ್ಷಣದ ವಿದ್ಯುತ್ತನ್ನು ತನ್ನೊಳಗೆ ಎಳೆದುಕೊಂಡು ಪಾಯಿಂಟಿಗೆ ಅಗಲಲು ಸಮಯ ಕೊಡುತ್ತದೆ. ಆದುದರಿಂದ ಪಾಯಿಂಟಿನ ಬಾಯಿಯಲ್ಲಿ ದಪ್ಪನೆಯ ಕಿಡಿ ಕಂಡುಬಂದರೆ ಅದು ಶಕ್ತಿಯ ಲಕ್ಷಣವಲ್ಲ, ಕಂಡೆನ್ಸರ್ ಸತ್ತಿರುವುದರ ಲಕ್ಷಣ. ಪಾಯಿಂಟ್ ಮೇಲಿಂದ ಮೇಲೆ ಸುಟ್ಟು ಕರಿಯಾಗುತ್ತಿದ್ದರೆ ಅದನ್ನು ಉಪ್ಪುಕಾಗದದಿಂದ ಉಜ್ಜುತ್ತ ಹೋಗುವುದು ವ್ಯರ್ಥ, ಕಂಡೆನ್ಸರನ್ನು ಬದಲಿಸಬೇಕು.

ಕಾಲಗಣನೆಯ ವಿಷಯಕ್ಕೆ ಬಂದರೆ, ಪಿಸ್ಟನ್ ತನ್ನ ಮೇಲ್ತುದಿಯನ್ನು ಮುಟ್ಟುವುದಕ್ಕೆ ಸುಮಾರು ಮೂರು ಮಿಲಿಮೀಟರ್ ಮುಂಚೆಯೇ ಕಿಡಿ ಹಾರಬೇಕು. ಕ್ರ್ಯಾಂಕ್ ದಂಡದ ಕೋನದಲ್ಲಿ ಹೇಳುವುದಾದರೆ ಇದು ಇಪ್ಪತ್ತು ಡಿಗ್ರಿಗಳ ಆಸುಪಾಸು. ಮಿಶ್ರಣ ಉರಿದು ಒತ್ತಡ ಏರಲು ಬೇಕಾದ ಕಾಲಾವಕಾಶವನ್ನು ಹೀಗೆ ಮುಂಗಡವಾಗಿ ಕೊಡಲಾಗುತ್ತದೆ. ಪ್ಲಗ್ ಬಿಚ್ಚಿದ ರಂಧ್ರದಿಂದ ಆಳದ ಅಳತೆಗೋಲನ್ನು ಇಳಿಸಿ ಪಿಸ್ಟನ್ನಿನ ಸ್ಥಾನವನ್ನು ಅಳೆಯುವುದು ಕ್ರಮಬದ್ಧ ವಿಧಾನ. ಪಾಯಿಂಟ್ ತೆರೆಯುವ ಕ್ಷಣವನ್ನು ಅರಿಯಲು ಅದಕ್ಕೆ ಅಡ್ಡಲಾಗಿ ಒಂದು ಚಿಕ್ಕ ಬಲ್ಬನ್ನು ಜೋಡಿಸಿದರೆ, ಬಾಯಿ ತೆರೆದೊಡನೆ ಬಲ್ಬು ಹೊತ್ತಿಕೊಳ್ಳುತ್ತದೆ. ಗ್ಯಾರೇಜುಗಳಲ್ಲಿ ಬಲ್ಬಿನ ಬದಲು ಸಿಗರೇಟು ಪೊಟ್ಟಣದ ತೆಳು ಕಾಗದದ ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲನೆ ಎಳೆಯುತ್ತ, ಕಾಗದ ಸಡಿಲವಾದ ಕ್ಷಣವನ್ನು ಬೆರಳಿನಿಂದಲೇ ತಿಳಿಯುವ ಪದ್ಧತಿ ಇತ್ತು. ವಿಧಾನ ಒರಟೆನಿಸಿದರೂ ಫಲಿತಾಂಶ ಒರಟಾಗಿರುತ್ತಿರಲಿಲ್ಲ.

ಅಂತರವೂ ಕಾಲಗಣನೆಯೂ ಬೇರೆ ಬೇರೆಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಾಯಿಂಟಿನ ಅಂತರ ಹೆಚ್ಚಾದರೆ ಅದು ಬೇಗ ತೆರೆಯುತ್ತದೆ, ಕಿಡಿ ಮುಂದಾಗುತ್ತದೆ. ಉಬ್ಬಿನ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಕಡಿಮೆಯಾಗಿ ಕಿಡಿ ಹಿಂದುಳಿಯುತ್ತದೆ. ದಿನದಿನವೂ ಸ್ವಲ್ಪ ಸ್ವಲ್ಪವೇ ಶಕ್ತಿ ಕುಂದುತ್ತ ಬಂದ ವಾಹನದಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಡೈನಮೊ ಮತ್ತು ಕಟ್‌ಔಟ್

ಜಾವಾದ ಡೈನಮೊ ಎಂಜಿನ್ನಿನ ಬಲಬದಿಯಲ್ಲಿದೆ. ಅದರ ತಿರುಗುವ ಭಾಗಕ್ಕೆ ಪ್ರತ್ಯೇಕ ಬೇರಿಂಗುಗಳಿಲ್ಲ; ನೇರವಾಗಿ ಕ್ರ್ಯಾಂಕ್ ದಂಡದ ತುದಿಗೇ ಬಿಗಿಯಲ್ಪಟ್ಟಿದೆ. ಬೆಲ್ಟು, ಚೈನು, ಹಲ್ಲುಚಕ್ರಗಳ ಹಂಗಿಲ್ಲದ ಈ ಜೋಡಣೆ ಸರಳವೂ ಹಗುರವೂ ಹೌದು. ಆದರೆ ಇದರಿಂದ ಎಂಜಿನ್ನಿನ ಬೇರಿಂಗಿನ ಆರೋಗ್ಯವೂ ವಿದ್ಯುತ್ ವ್ಯವಸ್ಥೆಯ ಆರೋಗ್ಯವೂ ಒಂದಕ್ಕೊಂದು ಗಂಟುಬಿದ್ದವು. ಬೇರಿಂಗ್ ಸವೆದು ಕ್ರ್ಯಾಂಕ್ ದಂಡ ತುಸು ಅಲುಗಾಡತೊಡಗಿದರೆ ಪಾಯಿಂಟಿನ ಅಂತರ ಪ್ರತಿ ಸುತ್ತಿಗೂ ಬದಲಾಗುತ್ತದೆ. ಅಲುಗಾಟ ಹೆಚ್ಚಾದರೆ ತಿರುಗುವ ಭಾಗ ಸುತ್ತಲಿನ ಕಾಂತಧ್ರುವಗಳನ್ನು ಕೆರೆಯುತ್ತದೆ. ಆ ಬದಿಯ ಆಯಿಲ್ ಸೀಲ್ ಹಳತಾದರೆ ಕ್ರ್ಯಾಂಕ್ ಕೋಶದಿಂದ ಪೆಟ್ರೋಲು ಮತ್ತು ಎಣ್ಣೆಯ ಮಂಜು ಹೊರನುಸುಳಿ ಪಾಯಿಂಟಿನ ಮೇಲೆ ಲೇಪವಾಗುತ್ತದೆ. ಪಾಯಿಂಟ್ ಸ್ವಚ್ಛಗೊಳಿಸಿದ ಎರಡೇ ದಿನಗಳಲ್ಲಿ ಕಿಡಿ ಮತ್ತೆ ಮಂಕಾಗುವ ವಾಹನದ ರೋಗ ವಿದ್ಯುತ್ತಿನದಲ್ಲ, ರಬ್ಬರಿನದು.

ಈ ಡೈನಮೊದ ಅಧಿಕೃತ ಸಾಮರ್ಥ್ಯ 6 ವೋಲ್ಟಿನಲ್ಲಿ 45 ವಾಟ್, ಅಂದರೆ ಏಳೂವರೆ ಆಂಪಿಯರ್. ಇದರಲ್ಲಿ ಶಾಶ್ವತ ಕಾಂತವಿಲ್ಲ. ಸುತ್ತಲಿನ ಕಬ್ಬಿಣದ ಧ್ರುವಗಳ ಮೇಲೆ ಕ್ಷೇತ್ರ ಸುರುಳಿಗಳಿದ್ದು, ಡೈನಮೊ ಹುಟ್ಟಿಸಿದ ವಿದ್ಯುತ್ತಿನ ಒಂದು ಭಾಗವೇ ಅವುಗಳಲ್ಲಿ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ತನಗೆ ಬೇಕಾದ ಕಾಂತತ್ವವನ್ನು ತಾನೇ ಸೃಷ್ಟಿಸಿಕೊಳ್ಳುವ ಈ ಯಂತ್ರಕ್ಕೆ ಮೊದಲ ಹನಿ ಎಲ್ಲಿಂದ ಬರುತ್ತದೆ? ಹಿಂದಿನ ಓಟದಿಂದ ಧ್ರುವಗಳ ಕಬ್ಬಿಣದಲ್ಲಿ ಉಳಿದಿರುವ ಅತ್ಯಲ್ಪ ಕಾಂತತ್ವದಿಂದ. ಅದು ಒಂದು ವೋಲ್ಟಿನ ಒಂದಂಶವನ್ನು ಹುಟ್ಟಿಸುತ್ತದೆ, ಆ ಅಂಶ ಸುರುಳಿಯಲ್ಲಿ ಹರಿದು ಕಾಂತತ್ವವನ್ನು ತುಸು ಹೆಚ್ಚಿಸುತ್ತದೆ, ಹೆಚ್ಚಿದ ಕಾಂತತ್ವ ಇನ್ನಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೆಪ್ಪಿನ ಹನಿಯಿಂದ ಹಾಲೆಲ್ಲ ಮೊಸರಾಗುವಂತೆ ಕೆಲವೇ ಕ್ಷಣಗಳಲ್ಲಿ ಡೈನಮೊ ಪೂರ್ಣ ವೋಲ್ಟೇಜನ್ನು ತಲಪುತ್ತದೆ.

ಈ ಏರಿಕೆಗೆ ತಡೆಯಿಲ್ಲದಿದ್ದರೆ ವೇಗ ಹೆಚ್ಚಿದಂತೆ ಬಲ್ಬುಗಳು ಸುಟ್ಟು, ಬ್ಯಾಟರಿ ಕುದಿದುಹೋಗುತ್ತದೆ. ಅದಕ್ಕಾಗಿ ರೆಗ್ಯುಲೇಟರ್ ಇದೆ. ವೋಲ್ಟೇಜು ಏಳರ ಆಸುಪಾಸಿಗೆ ಏರಿದಾಗ ಅದರ ಕಂಪಿಸುವ ಸಂಪರ್ಕ ತೆರೆದು ಕ್ಷೇತ್ರ ಸುರುಳಿಯ ದಾರಿಯಲ್ಲಿ ಒಂದು ರೋಧವನ್ನು ಸೇರಿಸುತ್ತದೆ. ವೋಲ್ಟೇಜು ಇಳಿದಾಗ ಮತ್ತೆ ಮುಚ್ಚುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಕಂಪನವೇ ಸರಾಸರಿ ವೋಲ್ಟೇಜನ್ನು ಹಿಡಿದಿಡುತ್ತದೆ. ಅದೇ ಪೆಟ್ಟಿಗೆಯೊಳಗಿನ ಇನ್ನೊಂದು ಸಂಪರ್ಕವೇ ಕಟ್‌ಔಟ್. ಡೈನಮೊದ ವೋಲ್ಟೇಜು ಬ್ಯಾಟರಿಯದಕ್ಕಿಂತ ಹೆಚ್ಚಾದಾಗ ಮಾತ್ರ ಅದು ಎರಡನ್ನೂ ಜೋಡಿಸುತ್ತದೆ. ಎಂಜಿನ್ ನಿಧಾನವಾಗಿ ಪ್ರವಾಹ ಹಿಮ್ಮುಖವಾದೊಡನೆ ಬಿಡಿಸುತ್ತದೆ. ಕಟ್‌ಔಟ್ ಅಂಟಿಕೊಂಡರೆ ನಿಂತ ವಾಹನದ ಬ್ಯಾಟರಿ ಡೈನಮೊದ ಮೂಲಕ ಖಾಲಿಯಾಗುತ್ತದೆ, ಸುರುಳಿಗಳೂ ಸುಡಬಹುದು. ಮಾದರಿಯನ್ನು ಅನುಸರಿಸಿ ಅಮ್ಮೀಟರಿನ ಮುಳ್ಳು ಅಥವಾ ಕೆಂಪು ದೀಪವು ಈ ಒಳಗಿನ ವ್ಯವಹಾರವನ್ನು ಸವಾರನಿಗೆ ತಿಳಿಸುತ್ತದೆ. ಕೆಂಪು ದೀಪದ ತರ್ಕ ಸೊಗಸಾಗಿದೆ. ಅದನ್ನು ಬ್ಯಾಟರಿ ಮತ್ತು ಡೈನಮೊಗಳ ನಡುವೆ ಜೋಡಿಸಿರುವುದರಿಂದ ಎರಡರ ವೋಲ್ಟೇಜೂ ಸಮವಾದಾಗ ಹರಿಯಲು ಕಾರಣವಿಲ್ಲದೆ ಆರಿಹೋಗುತ್ತದೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಸಂಬಂಧಿಸಿದ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಬಹುದು. ಇದರ ಸಿಲಿಂಡರಿನ ರಂಧ್ರಗಳು ಪಿಸ್ಟನ್ನಿನ ಚಲನೆಯಿಂದಲೇ ತೆರೆದು ಮುಚ್ಚುವುದರಿಂದ ಎಂಜಿನ್ ಹಿಮ್ಮುಖವಾಗಿಯೂ ಓಡಬಲ್ಲದು. ಒದೆತ ಅರೆಬರೆಯಾಗಿ, ಕಿಡಿಯೂ ಅತಿ ಮುಂದಾಗಿದ್ದರೆ ಪಿಸ್ಟನ್ ಮೇಲ್ತುದಿಯನ್ನು ದಾಟುವ ಮೊದಲೇ ಹಿಂದಕ್ಕೆ ತಳ್ಳಲ್ಪಟ್ಟು ಎಂಜಿನ್ ಉಲ್ಟಾ ತಿರುಗತೊಡಗುತ್ತದೆ. ಸವಾರ ಗೇರ್ ಹಾಕಿದಾಗ ವಾಹನ ಹಿಂದಕ್ಕೆ ಚಲಿಸುತ್ತದೆ! ಆಗ ಡೈನಮೊ ಮಾತ್ರ ವಿದ್ಯುತ್ತನ್ನು ಕೊಡುವುದಿಲ್ಲ. ಹಿಮ್ಮುಖ ತಿರುಗುವಿಕೆಯಲ್ಲಿ ಹುಟ್ಟುವ ಅಲ್ಪ ವಿದ್ಯುತ್ತು ಕ್ಷೇತ್ರ ಸುರುಳಿಯಲ್ಲಿ ತದ್ವಿರುದ್ಧ ದಿಕ್ಕಿಗೆ ಹರಿದು ಉಳಿಕೆ ಕಾಂತತ್ವವನ್ನು ಬೆಳೆಸುವ ಬದಲು ಅಳಿಸಲು ನೋಡುತ್ತದೆ. ಎಂಜಿನ್ ಓಡುತ್ತಿದ್ದರೂ ಕೆಂಪು ದೀಪ ಆರದೆ ಉಳಿದರೆ ಅನುಭವಿಗಳು ಈ ಸಾಧ್ಯತೆಯನ್ನೂ ನೆನೆಯುತ್ತಾರೆ.

ಕೀಲಿ ಮತ್ತು ಒದೆತ

ಜಾವಾದ ಕೀಲಿ ಹಲ್ಲುಗಳಿಲ್ಲದ, ಹೆಚ್ಚುಕಡಿಮೆ ಮೊಳೆಯಂತಹ ವಸ್ತು. ಒಂದು ವಾಹನದ ಕೀಲಿ ಮತ್ತೊಂದಕ್ಕೂ ಹೊಂದುತ್ತಿತ್ತು. ತುರ್ತಿಗೆ ತಕ್ಕ ಗಾತ್ರದ ಮೊಳೆಯೂ ಸಾಕಾಗುತ್ತಿತ್ತು. ಇದು ಬೀಗವಲ್ಲ, ವಿದ್ಯುತ್ ದಾರಿಗಳನ್ನು ಆಯ್ದುಕೊಡುವ ಸ್ವಿಚ್ಚಿನ ಹಿಡಿ ಎಂದು ತಿಳಿಯುವುದೇ ಸರಿ. ಹಗಲಿನ ಓಟ, ರಾತ್ರಿಯ ಓಟ, ದೀಪ ಹಚ್ಚಿ ನಿಲ್ಲಿಸುವುದು ಇವೆಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಸ್ಥಾನಗಳು. ಕೀಲಿಯನ್ನು ಹಾಕಿಯೇ ವಾಹನವನ್ನು ಬಿಟ್ಟುಹೋದಾಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲಿನಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯುತ್ತದೆ. ಕೆಲವು ಗಂಟೆಗಳಲ್ಲಿ ಬ್ಯಾಟರಿ ಬರಿದಾಗಿ, ಕಾಯಿಲ್ ಬಿಸಿಯಾಗಿ ಕೆಡುತ್ತದೆ.

ಚಾಲನೆಗೊಳಿಸುವ ಕ್ರಮ ಹೀಗೆ: ಪೆಟ್ರೋಲ್ ನಲ್ಲಿಯನ್ನು ತೆರೆದು, ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ತುಳುಕುವವರೆಗೆ ಒತ್ತಿ, ಗೇರನ್ನು ತಟಸ್ಥ ಸ್ಥಿತಿಗೆ ತಂದು, ಕೀಲಿ ಹಾಕಿ ಒದೆಯುವುದು. ಒದೆಯುವ ಸನ್ನೆ ಬೇರೆಯಲ್ಲ, ಗೇರ್ ಸನ್ನೆಯೇ. ಎಂಜಿನ್ನಿನ ಎಡಬದಿಯಲ್ಲಿರುವ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ಗೇರಿನ ನಂಟು ಬಿಟ್ಟು ಕಿಕ್ಕಿನ ನಂಟು ಹಿಡಿಯುತ್ತದೆ. ಎಂಜಿನ್ ಹತ್ತಿಕೊಂಡ ನಂತರ ಅದನ್ನು ಮತ್ತೆ ಮುಂದಕ್ಕೆ ಮಡಿಸಿ ಗೇರ್ ಬದಲಿಸಲು ಬಳಸಬೇಕು. ಒಂದೇ ಸನ್ನೆಗೆ ಎರಡು ಕೆಲಸ ವಹಿಸಿದ ಈ ಮಿತವ್ಯಯ ಇದೇ ಕಾಲದಲ್ಲಿ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಬುಲೆಟ್‌ನಲ್ಲಿ ಕಾಣಸಿಗದು.

ಬುಲೆಟ್‌ನೊಂದಿಗಿನ ಹೋಲಿಕೆ ಇನ್ನೊಂದು ದೃಷ್ಟಿಯಿಂದಲೂ ಉಪಯುಕ್ತ. 350 ಘನ ಸೆಂ.ಮೀ.ನ ಆ ಫೋರ್-ಸ್ಟ್ರೋಕ್ ಎಂಜಿನ್ನನ್ನು ಒದೆಯುವ ಮೊದಲು ಡಿಕಂಪ್ರೆಸರ್ ಸನ್ನೆಯನ್ನು ಎಳೆದು, ಅಮ್ಮೀಟರಿನ ಮುಳ್ಳಿನ ಅಲುಗಾಟವನ್ನು ನೋಡಿ ಪಿಸ್ಟನ್ನನ್ನು ಸರಿಯಾದ ಸ್ಥಾನಕ್ಕೆ ತರಬೇಕಿತ್ತು. ಜಾವಾಕ್ಕೆ ಈ ಶಾಸ್ತ್ರವೆಲ್ಲ ಬೇಕಿರಲಿಲ್ಲ. ಒದೆತದಿಂದ ಕ್ರ್ಯಾಂಕ್ ದಂಡ ನಿಮಿಷಕ್ಕೆ 300 ಸುತ್ತುಗಳ ವೇಗ ಪಡೆಯಿತೆಂದು ಭಾವಿಸಿದರೆ ಒಂದು ಸುತ್ತಿಗೆ ಸೆಕೆಂಡಿನ ಐದನೆಯ ಒಂದು ಭಾಗ, ಅಂದರೆ 200 ಮಿಲಿಸೆಕೆಂಡು. ಅದರಲ್ಲಿ ಅರ್ಧ ಕಾಲ ಪಾಯಿಂಟ್ ಮುಚ್ಚಿದ್ದರೂ 100 ಮಿಲಿಸೆಕೆಂಡು ದೊರೆಯುತ್ತದೆ. ಕಾಯಿಲಿನ ಕಾಂತಕ್ಷೇತ್ರ ತುಂಬಿಕೊಳ್ಳಲು ಬೇಕಾದದ್ದು ಹತ್ತಿಪ್ಪತ್ತು ಮಿಲಿಸೆಕೆಂಡು ಮಾತ್ರ. ಆದ್ದರಿಂದ ಬಲಹೀನರು ಒದೆದರೂ ಕಿಡಿ ಬಲಹೀನವಾಗದು. ಮೇಲಾಗಿ ಈ ವಾಹನದಲ್ಲಿ ಸ್ಟಾರ್ಟರ್ ಮೋಟಾರು ಇಲ್ಲದಿರುವುದರಿಂದ ಚಾಲನಾರಂಭದ ಹೊತ್ತಿನಲ್ಲಿ ಬ್ಯಾಟರಿ ಕೊಡಬೇಕಾದದ್ದು ಮೂರು ನಾಲ್ಕು ಆಂಪಿಯರ್ ಅಷ್ಟೆ. ದೀಪವನ್ನು ಮಂಕಾಗಿ ಉರಿಸಬಲ್ಲ ಬ್ಯಾಟರಿಯೂ ಎಂಜಿನ್ನನ್ನು ಹೊತ್ತಿಸಬಲ್ಲದು.

ಬ್ಯಾಟರಿ ಪೂರ್ಣ ಸತ್ತಿದ್ದರೆ? ವಿನ್ಯಾಸಕರು ಇದನ್ನೂ ಮುಂಗಂಡು ಸ್ವಿಚ್ಚಿನಲ್ಲಿ ತುರ್ತು ಸ್ಥಾನವೊಂದನ್ನು ಇಟ್ಟಿದ್ದರು. ಕೀಲಿಯನ್ನು ಅಲ್ಲಿಗೆ ತಿರುಗಿಸಿದಾಗ ಡೈನಮೊ ನೇರವಾಗಿ ಕಾಯಿಲಿಗೆ ಜೋಡಣೆಯಾಗುತ್ತದೆ, ಬ್ಯಾಟರಿ ದಾರಿಯಲ್ಲಿರುವುದಿಲ್ಲ. ಕಾಲಿನ ಒದೆತ ಇಲ್ಲಿ ಸಾಲದು, ಏಕೆಂದರೆ ಉಳಿಕೆ ಕಾಂತತ್ವದಿಂದ ವೋಲ್ಟೇಜು ಬೆಳೆದು ಕಾಯಿಲಿಗೆ ಸಾಕಾಗಬೇಕಾದರೆ ಡೈನಮೊ ಕೆಲ ಸೆಕೆಂಡು ಸತತವಾಗಿ ವೇಗದಿಂದ ತಿರುಗಬೇಕು. ಅದಕ್ಕಾಗಿ ವಾಹನವನ್ನು ಗೇರಿನಲ್ಲಿಟ್ಟು ತಳ್ಳಿಕೊಂಡು ಓಡಬೇಕು. ಎಂಜಿನ್ ಹತ್ತಿಕೊಂಡ ಬಳಿಕ ಕೀಲಿಯನ್ನು ಸಾಮಾನ್ಯ ಸ್ಥಾನಕ್ಕೆ ತರಬೇಕು. ಜಾವಾವನ್ನು ತಳ್ಳಿ ಚಾಲೂ ಮಾಡುವ ದೃಶ್ಯ ಒಂದು ಕಾಲಕ್ಕೆ ಮೈಸೂರು, ಬೆಂಗಳೂರುಗಳಲ್ಲಿ ನಗೆಗೆ ವಸ್ತುವಾಗಿತ್ತು. ಆದರೆ ಬ್ಯಾಟರಿಯೇ ಇಲ್ಲದೆ ಚಾಲನೆಗೊಳ್ಳುವುದು ವಿನ್ಯಾಸದ ದೋಷವಲ್ಲ, ಅದರ ದೂರದೃಷ್ಟಿ.

ಆರು ವೋಲ್ಟಿನ ಮಿತಿ

ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇರುವುದು ಆರು ವೋಲ್ಟಿನಲ್ಲಿ. ಮುಂದಿನ ದೀಪಕ್ಕೆ 25 ವಾಟ್, ಹಿಂದಿನ ಹಾಗೂ ವೇಗಮಾಪಕದ ದೀಪಗಳಿಗೆ ಐದಾರು ವಾಟ್, ಕಾಯಿಲಿಗೆ ಸರಾಸರಿ ಹತ್ತು ಹನ್ನೆರಡು ವಾಟ್ ಎಂದು ಕೂಡಿಸಿದರೆ 45 ವಾಟಿನ ಡೈನಮೊದಲ್ಲಿ ಬ್ಯಾಟರಿಗೆಂದು ಉಳಿಯುವುದು ಅತ್ಯಲ್ಪ. ಆ 45 ವಾಟ್ ಕೂಡ ಎಂಜಿನ್ ಸಾಕಷ್ಟು ವೇಗದಲ್ಲಿದ್ದಾಗ ಮಾತ್ರ ಸಿಗುವಂತಹುದು. ರಾತ್ರಿಯ ಹೊತ್ತು ಊರೊಳಗೆ ನಿಧಾನವಾಗಿ ಓಡಾಡುವ ವಾಹನ ತನ್ನ ಬ್ಯಾಟರಿಯನ್ನು ತಾನೇ ತಿನ್ನುತ್ತಿರುತ್ತದೆ.

ಸಂಪರ್ಕಗಳಲ್ಲಿ ಆಗುವ ನಷ್ಟ ಇದಕ್ಕಿಂತ ಮುಖ್ಯವಾದುದು. ಅಷ್ಟೇ ವಾಟಿನ ಕೆಲಸಕ್ಕೆ 6 ವೋಲ್ಟಿನ ವ್ಯವಸ್ಥೆಯಲ್ಲಿ 12 ವೋಲ್ಟಿನದರ ಎರಡರಷ್ಟು ಪ್ರವಾಹ ಬೇಕು. ತಂತಿಯ ರೋಧದಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ನಷ್ಟ ನಾಲ್ಕರಷ್ಟಾಗುತ್ತದೆ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧವಿದ್ದು ನಾಲ್ಕು ಆಂಪಿಯರ್ ಹರಿದರೆ 0.4 ವೋಲ್ಟ್ ಅಲ್ಲಿಯೇ ನಷ್ಟ. ಸ್ವಿಚ್ಚು, ಫ್ಯೂಸು, ಚೌಕಟ್ಟಿಗೆ ಬಿಗಿದ ಭೂಸಂಪರ್ಕ ಹೀಗೆ ಮೂರು ಕಡೆ ಕಿಲುಬಿದ್ದರೆ ಕಾಯಿಲಿಗೆ ಐದು ವೋಲ್ಟೂ ತಲಪದು. ಚೌಕಟ್ಟಿಗೆ ಅಂದವಾಗಿ ಹೊಸ ಬಣ್ಣ ಹೊಡೆಸಿದ ಮೇಲೆ ವಾಹನ ಚಾಲೂ ಆಗದಿರುವ ದೂರು ಸಾಮಾನ್ಯ. ಕಾರಣ ಬಣ್ಣವೇ. ಭೂಸಂಪರ್ಕದ ಬೋಲ್ಟಿನ ಕೆಳಗೆ ಲೋಹ ಕಾಣುವಂತೆ ಬಣ್ಣವನ್ನು ಕೆರೆದರೆ ದೋಷ ಮಾಯವಾಗುತ್ತದೆ. ಆರು ವೋಲ್ಟಿನ ವ್ಯವಸ್ಥೆ ಕೆಟ್ಟದ್ದೆಂಬ ಅಪಖ್ಯಾತಿಯಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಇಂತಹ ಅಲಕ್ಷ್ಯಕ್ಕೆ.

ಪರಿವರ್ತನೆ ಮತ್ತು ಸಂರಕ್ಷಣೆ

ಇಂದು ಈ ವಾಹನಗಳನ್ನು ಉಳಿಸಿಕೊಂಡಿರುವವರು ಬಹುಮಟ್ಟಿಗೆ ಹವ್ಯಾಸಿಗಳು. ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸಲಾಗುವ ಅಂತರರಾಷ್ಟ್ರೀಯ ಜಾವಾ ದಿನದಂದು ಹಲವು ಊರುಗಳಲ್ಲಿ ಇವು ಮೆರವಣಿಗೆ ಹೊರಡುತ್ತವೆ. ಹಾಗೆ ಹೊರಡುವ ವಾಹನಗಳಲ್ಲಿ ಕೆಲವು ತಮ್ಮ ಮೂಲ ಡೈನಮೊವನ್ನು ಕಳೆದುಕೊಂಡಿವೆ. ಚೆಕ್ ದೇಶದಲ್ಲಿ ತಯಾರಾಗುವ, ಶಾಶ್ವತ ಕಾಂತದ ಆಲ್ಟರ್ನೇಟರು ಹಾಗೂ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆಯನ್ನೊಳಗೊಂಡ 12 ವೋಲ್ಟಿನ ಜೋಡಣೆಗಳು ಡೈನಮೊ ಇದ್ದ ಜಾಗದಲ್ಲಿಯೇ ಕೂರುತ್ತವೆ. ಪಾಯಿಂಟ್ ಇಲ್ಲ, ಬ್ರಷ್ ಇಲ್ಲ, ಕಟ್‌ಔಟ್ ಇಲ್ಲ. ಪ್ರತಿದಿನ ರಸ್ತೆಗಿಳಿಯುವ ವಾಹನಕ್ಕೆ ಇದು ನ್ಯಾಯವಾದ ಆಯ್ಕೆಯೇ. ಮಂಕು ದೀಪದಲ್ಲಿ ಇಂದಿನ ಹೆದ್ದಾರಿಯ ಸಂಚಾರದ ನಡುವೆ ಸಾಗಬೇಕೆಂದು ಯಾರನ್ನೂ ಒತ್ತಾಯಿಸಲಾಗದು.

ಆದರೆ ವಸ್ತುಸಂಗ್ರಹದ ದೃಷ್ಟಿಯಿಂದ ಈ ಬದಲಾವಣೆ ಒಂದು ದಾಖಲೆಯ ಹಾಳೆಗಳನ್ನು ಹರಿದಂತೆ. ಹಳೆಯ ತಂತಿಗಳ ಬಣ್ಣ, ಸ್ವಿಚ್ಚಿನ ಸ್ಥಾನಗಳು, ರೆಗ್ಯುಲೇಟರಿನ ಪೆಟ್ಟಿಗೆ, ಬಿಡಿಭಾಗಗಳ ಮೇಲಿನ ಅಚ್ಚು ಇವು ಯಾವ ಭಾಗ ಆಮದಾಯಿತು, ಯಾವುದು ದೇಶದಲ್ಲಿಯೇ ತಯಾರಾಯಿತು ಎಂಬುದಕ್ಕೆ ಉಳಿದಿರುವ ಸಾಕ್ಷ್ಯಗಳು. ವಿದೇಶಿ ವಿನಿಮಯದ ಕೊರತೆಯ ಆ ದಶಕಗಳಲ್ಲಿ ಪರವಾನಗಿಯ ವಾಹನವೊಂದು ಹೇಗೆ ಹಂತಹಂತವಾಗಿ ಸ್ಥಳೀಯವಾಯಿತು ಎಂಬುದನ್ನು ಅಧ್ಯಯನ ಮಾಡುವವರಿಗೆ ಕಾರ್ಖಾನೆಯ ಕಡತಗಳಷ್ಟೇ ಇವೂ ಮುಖ್ಯ. ಬದಲಾಯಿಸಲೇಬೇಕಾದಲ್ಲಿ ತೆಗೆದ ಭಾಗಗಳಿಗೆ ಚೀಟಿ ಕಟ್ಟಿ, ವಾಹನದ ಚೌಕಟ್ಟಿನ ಸಂಖ್ಯೆ ಹಾಗೂ ತೆಗೆದ ದಿನಾಂಕವನ್ನು ನಮೂದಿಸಿ, ತಂತಿಗಳ ಜೋಡಣೆಯ ನಕ್ಷೆಯನ್ನು ಬರೆದು ಒಟ್ಟಿಗೆ ಇಡುವುದು ಕನಿಷ್ಠ ಕರ್ತವ್ಯ. ಪಾಯಿಂಟ್ ಸೆಟ್ ಮಾಡುವುದು, ಕರೆಂಟ್ ನೋಡುವುದು, ಪ್ಲಗ್ ಶಾರ್ಟ್ ಆಗುವುದು ಮುಂತಾದ ಗ್ಯಾರೇಜಿನ ನುಡಿಗಟ್ಟುಗಳನ್ನೂ ಅವುಗಳನ್ನು ಬಳಸುವ ಹಿರಿಯರು ಇರುವಾಗಲೇ ಸಂಗ್ರಹಿಸಬೇಕಾಗಿದೆ. ಇಂಗ್ಲಿಷ್ ಪದಗಳೇ ಆದರೂ ಅವುಗಳ ಅರ್ಥ ಮೈಸೂರಿನ ಗ್ಯಾರೇಜುಗಳಲ್ಲಿ ರೂಪುಗೊಂಡದ್ದು. ಅಲ್ಲಿ ಕರೆಂಟ್ ಎಂದರೆ ಪ್ಲಗ್ಗಿನ ಕಿಡಿಯೇ ಹೊರತು ಪಠ್ಯಪುಸ್ತಕದ ವಿದ್ಯುತ್ ಪ್ರವಾಹವಲ್ಲ.

ಓಡಿಸದೆ ಪ್ರದರ್ಶನಕ್ಕಿಡುವ ವಾಹನದ ವಿಷಯದಲ್ಲಿ ಕೆಲವು ಎಚ್ಚರಗಳು ಅಗತ್ಯ. ಬ್ಯಾಟರಿಯನ್ನು ತೆಗೆದಿಡಬೇಕು, ಏಕೆಂದರೆ ಸೋರಿದ ಆಮ್ಲ ಚೌಕಟ್ಟನ್ನು ತಿನ್ನುತ್ತದೆ. ಡೈನಮೊದ ದಿಕ್ಪರಿವರ್ತಕದ ಮೇಲಿಂದ ಇಂಗಾಲದ ಬ್ರಷ್‌ಗಳನ್ನು ಎತ್ತಿಟ್ಟರೆ ಒಂದೇ ಜಾಗದಲ್ಲಿ ಕಲೆ ಕಟ್ಟುವುದು ತಪ್ಪುತ್ತದೆ. ದೀರ್ಘಕಾಲ ನಿಂತ ಅಥವಾ ಕಳಚಿ ಜೋಡಿಸಿದ ಡೈನಮೊ ತನ್ನ ಉಳಿಕೆ ಕಾಂತತ್ವವನ್ನು ಕಳೆದುಕೊಂಡಿರುವ ಸಾಧ್ಯತೆಯುಂಟು. ಅಂತಹ ಯಂತ್ರ ಎಷ್ಟು ವೇಗವಾಗಿ ತಿರುಗಿದರೂ ವಿದ್ಯುತ್ತನ್ನು ಕೊಡದು. ಕೆಟ್ಟುಹೋಗಿದೆಯೆಂದು ಗುಜರಿಗೆ ಹಾಕಲ್ಪಟ್ಟ ಡೈನಮೊಗಳಲ್ಲಿ ಇಂತಹವೂ ಸೇರಿರಬಹುದು. ಬ್ಯಾಟರಿಯ ವಿದ್ಯುತ್ತನ್ನು ಸರಿಯಾದ ದಿಕ್ಕಿನಲ್ಲಿ ಕ್ಷೇತ್ರ ಸುರುಳಿಗೆ ಒಂದೆರಡು ಸೆಕೆಂಡು ಮುಟ್ಟಿಸಿ ತೆಗೆದರೆ ಕಬ್ಬಿಣ ಮತ್ತೆ ಕಾಂತತ್ವವನ್ನು ಪಡೆಯುತ್ತದೆ. ದಿಕ್ಕು ತಪ್ಪಿದರೆ ಡೈನಮೊ ತಲೆಕೆಳಗಾದ ಧ್ರುವಗಳೊಡನೆ ವಿದ್ಯುತ್ತನ್ನು ಹುಟ್ಟಿಸಿ ಕಟ್‌ಔಟನ್ನು ಸುಡುತ್ತದೆ. ಆದ ಕಾರಣ ಬ್ಯಾಟರಿಯ ಯಾವ ಧ್ರುವ ಚೌಕಟ್ಟಿಗೆ ಸೇರಿದೆಯೆಂಬುದನ್ನು, ತಂತಿಗಳನ್ನು ಬಿಚ್ಚುವ ಮೊದಲೇ, ಆ ಚೀಟಿಯ ಮೇಲೆ ಬರೆದಿಡಬೇಕು.